ಮೊಡವೆಯ ಎಂಟು ವಾರ
(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಇವತ್ತು ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮೊಡವೆ ಇವತ್ತು ಹುಟ್ಟಿದ್ದಲ್ಲ. ಚರ್ಮದೊಳಗೆ ರೋಮಕೂಪದ ದಾರಿ ಕಟ್ಟಿಕೊಳ್ಳಲು ಶುರುವಾಗಿ ಸುಮಾರು ಎಂಟು ವಾರ ಕಳೆದ ಮೇಲೆ ಅದು ಕಣ್ಣಿಗೆ ಬೀಳುತ್ತದೆ. ನಿನ್ನೆ ತಿಂದ ಬೋಂಡಾ, ಮೊನ್ನೆ ಮದುವೆ ಮನೆಯಲ್ಲಿ ಉಂಡ ಹೋಳಿಗೆ ಇವುಗಳ ಮೇಲೆ ನಾವು ಹೊರಿಸುವ ತಪ್ಪು ಬಹುಪಾಲು ಸುಳ್ಳು ಆಪಾದನೆ. ಇದೇ ಲೆಕ್ಕವನ್ನು ಚಿಕಿತ್ಸೆಗೂ ಹಾಕಬೇಕು. ಇವತ್ತು ಹಚ್ಚಲು ತೊಡಗಿದ ಔಷಧಿ, ಅದು ಅಂಗಡಿಯದಾಗಲಿ ಅಡುಗೆಮನೆಯದಾಗಲಿ, ಈಗಾಗಲೇ ಒಳಗೆ ಕಟ್ಟಿಕೊಂಡಿರುವ ಮೊಡವೆಗಳು ಮೇಲೆ ಬಂದು ಮುಗಿಯುವ ತನಕ ತನ್ನ ಗುಣವನ್ನು ಪೂರ್ತಿ ತೋರಿಸಲಾರದು. ಎರಡು ತಿಂಗಳು ಬೇಕು, ಕೆಲವರಿಗೆ ಮೂರು.

ನಾನು ಚರ್ಮರೋಗದ ವೈದ್ಯ. ನನ್ನ ಬಳಿ ಬರುವ ಯುವಜನರಲ್ಲಿ ಬಹಳ ಮಂದಿಯ ಮುಖ ಕೆಟ್ಟಿರುವುದು ಮೊಡವೆಯಿಂದಲ್ಲ. ಈ ಎರಡು ತಿಂಗಳು ಕಾಯಲಾರದೆ ಹಚ್ಚಿಕೊಂಡ ವಸ್ತುಗಳಿಂದ ಕೆಟ್ಟಿರುತ್ತದೆ. ಅದಕ್ಕೇ ಈ ವಿಷಯವನ್ನು ಆರಿಸಿಕೊಂಡೆ.

ಅಂಗೈ, ಅಂಗಾಲುಗಳನ್ನು ಬಿಟ್ಟರೆ ಮೈಯ ಬಹುತೇಕ ಎಲ್ಲ ಕಡೆ ಕೂದಲ ಬುಡಕ್ಕೆ ಹೊಂದಿಕೊಂಡು ಜಿಡ್ಡು ಸ್ರವಿಸುವ ಗ್ರಂಥಿಗಳಿವೆ. ಮುಖ, ಎದೆ, ಬೆನ್ನಿನ ಮೇಲ್ಭಾಗಗಳಲ್ಲಿ ಅವು ದೊಡ್ಡವು ಮತ್ತು ದಟ್ಟವಾದವು. ಮೊಡವೆ ಏಳುವುದೂ ಅಲ್ಲಿಯೇ. ಹರೆಯ ಕಾಲಿಡುವಾಗ ಆಂಡ್ರೊಜೆನ್ ಗುಂಪಿನ ಹಾರ್ಮೋನುಗಳು ಗಂಡುಮಕ್ಕಳಲ್ಲೂ ಹೆಣ್ಣುಮಕ್ಕಳಲ್ಲೂ ಹೆಚ್ಚುತ್ತವೆ, ಈ ಗ್ರಂಥಿಗಳು ಹಿಗ್ಗುತ್ತವೆ, ಜಿಡ್ಡು ಹೆಚ್ಚುತ್ತದೆ. ಅದೇ ಹೊತ್ತಿಗೆ ರೋಮಕೂಪದ ಒಳಗೋಡೆಯಿಂದ ಉದುರಿ ಹೊರಬರಬೇಕಾದ ಸತ್ತ ಕೋಶಗಳು ಉದುರದೆ ಒಂದಕ್ಕೊಂದು ಅಂಟಿಕೊಂಡು ಬಿರಡೆ ಕಟ್ಟುತ್ತವೆ. ಬಿರಡೆಯ ಬಾಯಿ ಮುಚ್ಚಿದ್ದರೆ ಬಿಳಿ ಗುಳ್ಳೆ, ತೆರೆದಿದ್ದರೆ ಬ್ಲ್ಯಾಕ್‌ಹೆಡ್. ನಮ್ಮೆಲ್ಲರ ಚರ್ಮದಲ್ಲೂ ಇರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಸೂಕ್ಷ್ಮಾಣು ಆ ಜಿಡ್ಡಿನ ನಡುವೆ, ಗಾಳಿ ಸಾಲದ ಜಾಗದಲ್ಲಿ, ಚೆನ್ನಾಗಿ ಬೆಳೆಯುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಎದುರಿಸಲು ಬಂದಾಗ ಕೆಂಪು, ಊತ, ನೋವು, ಕೀವು. ಜಿಡ್ಡು, ಬಿರಡೆ, ಸೂಕ್ಷ್ಮಾಣು, ಉರಿಯೂತ ಈ ನಾಲ್ಕೂ ಸೇರದೆ ಮೊಡವೆಯಿಲ್ಲ.

ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂಬುದನ್ನು ಬಹುಮಟ್ಟಿಗೆ ಅಪ್ಪ ಅಮ್ಮನಿಂದ ಬಂದ ಗುಣ ತೀರ್ಮಾನಿಸುತ್ತದೆ. 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಅವಳಿ ಸಹೋದರಿಯರ ಅಧ್ಯಯನವೊಂದು ಮೊಡವೆಯ ಏರುಪೇರಿನಲ್ಲಿ ನೂರಕ್ಕೆ 81ರಷ್ಟು ಪಾಲು ಆನುವಂಶಿಕ ಎಂದು ಅಂದಾಜಿಸಿತು. ಮಗಳ ಮುಖ ನೋಡಿ "ಸರಿಯಾಗಿ ತೊಳೆದುಕೊಳ್ಳುವುದಿಲ್ಲ" ಎಂದು ಗದರುವ ತಾಯಂದಿರು ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ.

ತೊಳೆಯುವ ಮಾತು ಬಂತು. ಬ್ಲ್ಯಾಕ್‌ಹೆಡ್ಡಿನ ಕಪ್ಪು ಕೊಳೆಯಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮತ್ತು ಗಾಳಿಗೆ ಒಡ್ಡಿಕೊಂಡು ಬಣ್ಣಗೆಟ್ಟ ಜಿಡ್ಡು ಅದು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಉಜ್ಜುವುದರಿಂದ, ಹೆಲ್ಮೆಟ್ಟಿನ ಪಟ್ಟಿ ತಿಕ್ಕುವುದರಿಂದ, ಪದೇ ಪದೇ ಸೋಪು ಹಾಕುವುದರಿಂದಲೇ ಮೊಡವೆ ಹೆಚ್ಚುತ್ತದೆ ಎಂಬುದನ್ನು ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ 1975ರಲ್ಲೇ ಬರೆದಿಟ್ಟಿದ್ದಾರೆ. ಕೋವಿಡ್ ಕಾಲದಲ್ಲಿ ಮಾಸ್ಕಿನ ಅಂಚಿನುದ್ದಕ್ಕೂ ಎದ್ದ ಗುಳ್ಳೆಗಳನ್ನು ನೀವೇ ನೋಡಿದ್ದೀರಿ. ದಿನಕ್ಕೆ ಎರಡು ಸಲ, ಮೃದುವಾದ ಕ್ಲೆನ್ಸರ್, ಬೆರಳ ತುದಿ, ಉಗುರುಬೆಚ್ಚಗಿನ ನೀರು. ಇಷ್ಟು ಸಾಕು.

ನಮ್ಮ ಕಡೆ ಮೊಡವೆಗೆ ಕೊಡುವ ಮೊದಲ ಕಾರಣ "ಉಷ್ಣ". ಮಾವಿನಹಣ್ಣು ಉಷ್ಣ, ಶೇಂಗಾ ಉಷ್ಣ, ಮೊಟ್ಟೆ ಉಷ್ಣ. ಎರಡನೆಯದು "ರಕ್ತ ಕೆಟ್ಟಿದೆ". ಮೂರನೆಯದು ಹೆಣ್ಣುಮಕ್ಕಳಿಗೆ ಮಾತ್ರ ಹೇಳುವುದು: "ಮದುವೆಯಾದರೆ ಹೋಗುತ್ತದೆ." ಮದುವೆಗೂ ಮೊಡವೆಗೂ ಸಂಬಂಧವಿಲ್ಲ. ಇಪ್ಪತ್ತು ದಾಟಿದ ಮೇಲೆ ಹಲವರಿಗೆ ಅದು ತಾನಾಗಿ ಇಳಿಯುತ್ತದೆ, ಮದುವೆಯ ವಯಸ್ಸೂ ಅದೇ ಆಗಿದ್ದ ಕಾಲದ ಮಾತು ಅದು. ಆ ಮಾತನ್ನು ನಂಬಿ ಕುಳಿತ ಹುಡುಗಿಯ ಗಲ್ಲ, ದವಡೆಯ ಅಂಚಿನಲ್ಲಿ ಮೊಡವೆ ಬಿಡದೆ ಏಳುತ್ತಿದ್ದು, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದು, ತುಟಿಯ ಮೇಲೆ ಕೂದಲು ದಪ್ಪವಾಗುತ್ತಿದ್ದರೆ ಅದು ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇರಬಹುದು. ಪರೀಕ್ಷೆ ಮಾಡಿಸಲೇಬೇಕು. ರಕ್ತ ಕೆಟ್ಟಿದೆ ಎಂದು ಕುಡಿಸುವ ಟಾನಿಕ್ಕುಗಳಿಂದ ಇದಕ್ಕೇನೂ ಆಗದು.

ಆಹಾರದ ಮಾತನ್ನು ಮಾತ್ರ ಪೂರ್ತಿ ತಳ್ಳಿಹಾಕಲಾಗದು. 1969ರಲ್ಲಿ ಕ್ಲಿಗ್‌ಮನ್ ತಂಡವೇ 65 ಜನರಿಗೆ ಚಾಕಲೇಟು ತಿನ್ನಿಸಿ, ಮೊಡವೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಸಾರಿತು. ಮುಂದೆ ಹಲವು ದಶಕ ವೈದ್ಯರು ಅದನ್ನೇ ಒಪ್ಪಿಸುತ್ತ ಬಂದರು. ಆದರೆ ಹೋಲಿಕೆಗೆಂದು ಕೊಟ್ಟ ಇನ್ನೊಂದು ತಿಂಡಿಯಲ್ಲೂ ಸಕ್ಕರೆ, ಕೊಬ್ಬು ಸುಮಾರು ಅಷ್ಟೇ ಇದ್ದವು. 2002ರಲ್ಲಿ ಬೇರೊಂದು ವರದಿ ಬಂತು. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ ಪರೀಕ್ಷಿಸಿದ 1200 ಜನರಲ್ಲಿ ಒಬ್ಬರಿಗೂ ಮೊಡವೆ ಸಿಗಲಿಲ್ಲ. ಪರಾಗ್ವೆಯ "ಆಚೆ" ಎಂಬ ಬುಡಕಟ್ಟಿನ 115 ಜನರಲ್ಲೂ ಇಲ್ಲ. ಕಿಟಾವಾದವರ ಊಟ ಗೆಡ್ಡೆಗೆಣಸು, ಹಣ್ಣು, ಮೀನು, ತೆಂಗಿನಕಾಯಿ. ತೆಂಗಿನ ಕೊಬ್ಬನ್ನು ಅವರು ಧಾರಾಳವಾಗಿ ತಿನ್ನುತ್ತಿದ್ದರು, ಸಕ್ಕರೆ, ಮೈದಾ ಮಾತ್ರ ಹೆಚ್ಚುಕಡಿಮೆ ತಿನ್ನುತ್ತಿರಲಿಲ್ಲ. "ಎಣ್ಣೆ ತಿಂದರೆ ಮುಖದಲ್ಲಿ ಎಣ್ಣೆ" ಎಂಬ ನಮ್ಮ ಗಾಢ ನಂಬಿಕೆಗೆ ಈ ದ್ವೀಪ ಒಳ್ಳೆಯ ಉತ್ತರ. ವಂಶಗುಣದ ಪಾಲೂ ಅಲ್ಲಿ ಇದ್ದೀತು, ಆದರೆ 2007ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ 15ರಿಂದ 25 ವರ್ಷದ 43 ಯುವಕರ ಮೇಲೆ ನಡೆದ 12 ವಾರಗಳ ಪ್ರಯೋಗ ಅದೇ ದಿಕ್ಕನ್ನು ತೋರಿಸಿತು. ರಕ್ತಕ್ಕೆ ಸಕ್ಕರೆಯನ್ನು ನಿಧಾನವಾಗಿ ಬಿಡುವ ಆಹಾರ ತಿಂದವರಲ್ಲಿ ಮೊಡವೆ ಹೆಚ್ಚು ಇಳಿಯಿತು. ಸಕ್ಕರೆ ಥಟ್ಟನೆ ಏರಿದರೆ ಇನ್ಸುಲಿನ್ ಏರುತ್ತದೆ, ಅದರ ಬೆನ್ನಿಗೆ ಜಿಡ್ಡಿನ ಗ್ರಂಥಿಯನ್ನು ಕೆರಳಿಸುವ ಬೆಳವಣಿಗೆಯ ಅಂಶಗಳು ಏರುತ್ತವೆ.

ಹಾಗಾಗಿ ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ: ಕಾಲೇಜಿನ ಎದುರಿನ ಬೇಕರಿಯ ಬನ್ನು, ಪಫ್ಸು, ಬಾಟಲಿಯ ಸಿಹಿ ಪಾನೀಯ, ದಿನಕ್ಕೆ ನಾಲ್ಕೈದು ಸಕ್ಕರೆ ಚಹಾ ಇವನ್ನು ಇಳಿಸಿ. ಮೊಳಕೆ ಕಾಳು, ಸೊಪ್ಪು, ತರಕಾರಿ, ಇಡೀ ಹಣ್ಣು ಏರಿಸಿ. ಶೇಂಗಾ ಬಿಡಬೇಕಿಲ್ಲ. ಹಾಲು ಕುಡಿಯುವವರಲ್ಲಿ, ಅದರಲ್ಲೂ ಕೆನೆ ತೆಗೆದ ಹಾಲು ಕುಡಿಯುವವರಲ್ಲಿ ಮೊಡವೆ ತುಸು ಹೆಚ್ಚೆಂದು ಕೆಲವು ಸಮೀಕ್ಷೆಗಳು ಹೇಳುತ್ತವೆ. ಬೆಳೆಯುವ ಮಕ್ಕಳಿಗೆ ಹಾಲು ನಿಲ್ಲಿಸಿ ಎನ್ನುವಷ್ಟು ಬಲ ಆ ಪುರಾವೆಗಿಲ್ಲ. ಜಿಮ್ಮಿಗೆ ಹೋಗುವ ಹುಡುಗರು ಡಬ್ಬಿಯಿಂದ ಕಲಸಿ ಕುಡಿಯುವ ವೇ ಪ್ರೋಟೀನು ಬೇರೆ ವಿಷಯ. ಅದನ್ನು ನಿಲ್ಲಿಸಿ ನೋಡಿ ಎಂದು ನಾನು ಹೇಳುತ್ತೇನೆ.

ನಮ್ಮಲ್ಲಿ ಯಾರೂ ಅನುಮಾನಿಸದ ಇನ್ನೊಂದು ಕಾರಣ ತಲೆಗೆ ಹಚ್ಚುವ ಎಣ್ಣೆ. ಹಣೆಯ ಮೇಲ್ಭಾಗದಲ್ಲಿ, ಕೂದಲಿನ ಅಂಚಿನಲ್ಲಿ ಮಾತ್ರ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದಿದ್ದರೆ ಮೊದಲು ಕೇಳಬೇಕಾದ್ದು ಅದನ್ನೇ. ಕೊಬ್ಬರಿ ಎಣ್ಣೆ ಕೂದಲಿಗೆ ಒಳ್ಳೆಯದು. ಹಣೆಗೆ ಇಳಿದರೆ ಅಲ್ಲಿನ ರೋಮಕೂಪಗಳನ್ನು ಮುಚ್ಚುತ್ತದೆ. ಎಣ್ಣೆ ಬಿಡಬೇಡಿ, ತಲೆಸ್ನಾನಕ್ಕೆ ಗಂಟೆಯ ಮುಂಚೆ ಹಚ್ಚಿ ತೊಳೆದುಬಿಡಿ, ರಾತ್ರಿಯಿಡೀ ಇಟ್ಟು ದಿಂಬಿಗೆ ಒರೆಸಬೇಡಿ. ಕ್ಷಯಕ್ಕೆ ಕೊಡುವ ಐಸೊನಿಯಾಜಿಡ್, ಮೂರ್ಛೆಗೆ ಕೊಡುವ ಫೆನಿಟಾಯಿನ್ ಮಾತ್ರೆಗಳಿಂದಲೂ ಮೊಡವೆಯಂಥ ಗುಳ್ಳೆ ಬರಬಹುದು. ಆದರೆ ಆ ಮಾತ್ರೆಗಳನ್ನು ಮುಖಕ್ಕೆ ಹೆದರಿ ಯಾರೂ ನಿಲ್ಲಿಸಕೂಡದು, ಬರೆದುಕೊಟ್ಟ ವೈದ್ಯರಿಗೆ ಹೇಳಬೇಕು. ಪರೀಕ್ಷೆಯ ಒತ್ತಡದ ಪಾತ್ರವೂ ನಿಜ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ 22 ವಿದ್ಯಾರ್ಥಿಗಳನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪರೀಕ್ಷೆಯ ದಿನಗಳಲ್ಲಿ ಒತ್ತಡ ಏರಿದಂತೆ ಮೊಡವೆಯೂ ಉಲ್ಬಣಿಸಿತ್ತು. ನಮ್ಮ ಪಿಯುಸಿ, ಸಿಇಟಿ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ.

ಈಗ ಮನೆಮದ್ದಿಗೆ ಬರುತ್ತೇನೆ. ನಮ್ಮ ಹಿರಿಯರಿಗೆ ಈ ತೊಂದರೆ ಹೊಸದಲ್ಲ. ಸುಶ್ರುತ ಸಂಹಿತೆ ಇದನ್ನು ಸಣ್ಣ ರೋಗಗಳ ಸಾಲಿನಲ್ಲಿ ಇರಿಸಿ, ಹರೆಯದವರ ಮುಖದಲ್ಲಿ ಬೂರುಗದ ಮರದ ಮುಳ್ಳುಗಳಂತೆ ಏಳುತ್ತದೆ ಎಂದು ವರ್ಣಿಸುತ್ತದೆ. ಬೂರುಗದ ಕಾಂಡವನ್ನು ಕಂಡವರಿಗೆ ಆ ಹೋಲಿಕೆ ಎಷ್ಟು ಕರಾರುವಾಕ್ಕು ಎಂಬುದು ತಿಳಿಯುತ್ತದೆ: ಅಗಲ ಬುಡ, ಚೂಪು ತುದಿ. ಲೋಧ್ರದ ತೊಗಟೆ, ಕೊತ್ತಂಬರಿ ಬೀಜ, ಬಜೆ ಇವನ್ನು ಅರೆದು ಹಚ್ಚುವ ಲೇಪ ಆಯುರ್ವೇದದ ಹಳೆಯ ಗ್ರಂಥಗಳಲ್ಲಿದೆ. ಮನೆಗಳಲ್ಲಿ ಉಳಿದು ಬಂದದ್ದು ಸಾಣೆಕಲ್ಲಿನ ಮೇಲೆ ತೇಯ್ದ ಗಂಧ, ಜಾಯಿಕಾಯಿ, ಕಸ್ತೂರಿ ಅರಿಶಿನ, ಬೇವಿನೆಲೆ, ಲೋಳೆಸರ, ಕಡಲೆಹಿಟ್ಟು.

ಇವುಗಳನ್ನು ನಾನು ಎರಡು ಪಾಲು ಮಾಡುತ್ತೇನೆ. ತಂಪು ಕೊಡುವವು ಒಂದು, ಸುಡುವವು ಇನ್ನೊಂದು. ಎಂಟು ವಾರ ಕಾಯುವವರಿಗೆ ಮೊದಲನೆಯವು ಜೊತೆಗಿರಲಿ. ಲೋಳೆಸರದ ತಿರುಳು ಉರಿ ಇಳಿಸುತ್ತದೆ. ಇರಾನಿನಲ್ಲಿ 60 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಟ್ರೆಟಿನಾಯಿನ್ ಔಷಧಿಯನ್ನಷ್ಟೇ ಹಚ್ಚಿದವರಿಗಿಂತ ಅದರೊಂದಿಗೆ ಲೋಳೆಸರದ ಜೆಲ್ ಹಚ್ಚಿದವರಿಗೆ ಹೆಚ್ಚು ಗುಣವಾಯಿತು. ಎಲೆ ಕತ್ತರಿಸಿದಾಗ ಮೊದಲು ಸೋರುವ ಹಳದಿ ರಸವನ್ನು ಹರಿದುಹೋಗಲು ಬಿಟ್ಟು, ಒಳಗಿನ ತಿಳಿ ತಿರುಳನ್ನಷ್ಟೇ ಬಳಸಬೇಕು, ಹಳದಿ ರಸ ಚರ್ಮವನ್ನು ಕೆರಳಿಸುತ್ತದೆ. ಅಸಲಿ ಗಂಧದ ಕೊರಡು ಮನೆಯಲ್ಲಿದ್ದರೆ ತೇಯ್ದು ಹಚ್ಚಿ, ಹಿತವಾಗಿರುತ್ತದೆ. ಅರಿಶಿನದ ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಸ್ಪಷ್ಟ. ಮುಖಕ್ಕೆ ಹಚ್ಚಿದ ಅರಿಶಿನ ಮೊಡವೆ ವಾಸಿ ಮಾಡುತ್ತದೆ ಎನ್ನಲು ದೊಡ್ಡ ಪ್ರಯೋಗಗಳ ಬಲವಿಲ್ಲ, ಕೆಲವರಿಗೆ ಅದರಿಂದ ಅಲರ್ಜಿಯೂ ಆಗುತ್ತದೆ. ಯಾವ ಲೇಪವನ್ನೇ ಆಗಲಿ ಮೊದಲು ಮೊಳಕೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ. ಮುಖದ ಮೇಲೆ ಹತ್ತು ಹದಿನೈದು ನಿಮಿಷ ಸಾಕು. ಒಣಗಿ ಬಿರಿಯುವ ತನಕ ಬಿಟ್ಟು ಕಿತ್ತು ತೆಗೆಯುವುದು ಬೇಡ.

ಗಿಡಮೂಲಿಕೆಗಳಲ್ಲಿ ಸರಿಯಾದ ಪರೀಕ್ಷೆಗೆ ನಿಂತು ಗೆದ್ದದ್ದೆಂದರೆ ಟೀ ಟ್ರೀ ಎಣ್ಣೆ. ಆಸ್ಟ್ರೇಲಿಯಾದ ಒಂದು ಮರದ ಎಲೆಯಿಂದ ಇಳಿಸುವ ಎಣ್ಣೆ ಅದು, ನಾವು ಕುಡಿಯುವ ಚಹಾದ ಗಿಡಕ್ಕೂ ಅದಕ್ಕೂ ನಂಟಿಲ್ಲ. 1990ರಲ್ಲಿ ಅಲ್ಲಿನ ವೈದ್ಯರು 124 ರೋಗಿಗಳಲ್ಲಿ ಶೇಕಡಾ 5ರ ಟೀ ಟ್ರೀ ಜೆಲ್ಲನ್ನು ಶೇಕಡಾ 5ರ ಬೆಂಜಾಯಿಲ್ ಪೆರಾಕ್ಸೈಡಿನೊಂದಿಗೆ ಹೋಲಿಸಿದರು. ಎರಡರಿಂದಲೂ ಮೊಡವೆ ಇಳಿಯಿತು. ಎಣ್ಣೆ ನಿಧಾನ, ಆದರೆ ಉರಿ, ಸಿಪ್ಪೆ ಏಳುವಿಕೆ ಕಡಿಮೆ. ಶೇಕಡಾ 5 ಎಂಬುದನ್ನು ಮರೆಯಬಾರದು. ಬಾಟಲಿಯಿಂದ ನೇರ ಹಚ್ಚಿದರೆ ಚರ್ಮ ಸುಡುತ್ತದೆ, ಹೊಟ್ಟೆಗೆ ಹೋದರೆ ವಿಷ. ಜೇನುತುಪ್ಪದ ಫಲ ಮಾತ್ರ ನಿರಾಶಾದಾಯಕ. ನ್ಯೂಜಿಲೆಂಡಿನಲ್ಲಿ 136 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಲ್ಲಿನ ಕನುಕಾ ಮರದ ಜೇನು ಹಚ್ಚಿದವರಿಗೂ ಬರೀ ಸೂಕ್ಷ್ಮಾಣುನಾಶಕ ಸೋಪು ಬಳಸಿದವರಿಗೂ ವ್ಯತ್ಯಾಸ ಕಾಣಲಿಲ್ಲ.

ಇನ್ನು ಸುಡುವವು. ಮೊದಲ ಸ್ಥಾನ ನಿಂಬೆಹಣ್ಣಿಗೆ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5, ನಿಂಬೆರಸದ್ದು ಸುಮಾರು 2. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ರಸದಲ್ಲಿರುವ ಕೆಲವು ವಸ್ತುಗಳು ಸೂರ್ಯನ ಕಿರಣದೊಂದಿಗೆ ಸೇರಿ ಚರ್ಮದಲ್ಲಿ ಸುಟ್ಟ ಗಾಯ ಮಾಡುತ್ತವೆ, ತಿಂಗಳುಗಟ್ಟಲೆ ಹೋಗದ ಕಪ್ಪು ಬಿಡುತ್ತವೆ. ಅಡುಗೆ ಸೋಡಾ ಪಿಎಚ್‌ನ ಇನ್ನೊಂದು ತುದಿಗೆ ಎಳೆಯುತ್ತದೆ. ಬೆಳ್ಳುಳ್ಳಿಯ ಎಸಳು ಉಜ್ಜಿಕೊಂಡು ಬೊಬ್ಬೆ ಎದ್ದವರನ್ನು ಕಂಡಿದ್ದೇನೆ. ಟೂತ್‌ಪೇಸ್ಟು ಇರುವುದು ಹಲ್ಲಿಗೆ. ಇವನ್ನು ಹಚ್ಚಿದ ರಾತ್ರಿ ಮೊಡವೆ ಒಣಗಿದಂತೆ ಕಾಣುತ್ತದೆ, ವಾಸ್ತವದಲ್ಲಿ ಅದರ ಸುತ್ತಲಿನ ಚರ್ಮ ಸುಟ್ಟಿರುತ್ತದೆ. ನಮ್ಮಂಥ ಕಂದು ಚರ್ಮದವರಿಗೆ ಇದು ಹೆಚ್ಚು ದುಬಾರಿ. ಎಲ್ಲಿ ಉರಿಯೂತವಾಯಿತೋ ಅಲ್ಲಿ ಮೆಲನಿನ್ ಇಳಿಯುತ್ತದೆ, ವಾರದಲ್ಲಿ ಹೋಗುವ ಮೊಡವೆ ವರ್ಷ ಉಳಿಯುವ ಕಲೆಯಾಗುತ್ತದೆ. ಹಿಸುಕುವುದೂ ಇದೇ ಕಾರಣಕ್ಕೆ ಬೇಡ. ಮೂಗು, ಮೇಲ್ತುಟಿಯ ಭಾಗದ ರಕ್ತನಾಳಗಳಿಗೆ ಮಿದುಳಿನ ಕಡೆಗೆ ಸಂಪರ್ಕವಿರುವುದರಿಂದ, ಅಲ್ಲಿ ಹಿಸುಕಿ ಸೋಂಕಾದರೆ ಅಪರೂಪಕ್ಕಾದರೂ ಜೀವಕ್ಕೇ ಅಪಾಯ.

ನೈಸರ್ಗಿಕ, ರಾಸಾಯನಿಕ ಎಂಬ ಗೆರೆಯನ್ನು ನಾನು ಒಪ್ಪುವುದಿಲ್ಲ. ಮೊಡವೆಯ ಬಿರಡೆ ಸಡಿಲಿಸುವ ಸ್ಯಾಲಿಸಿಲಿಕ್ ಆಮ್ಲದ ಮೂಲ ವಿಲೋ ಮರದ ತೊಗಟೆಯಲ್ಲಿರುವ ವಸ್ತು. ಕಲೆಗೂ ಮೊಡವೆಗೂ ಒಟ್ಟಿಗೆ ಒದಗುವ, ಗರ್ಭಿಣಿಯರಿಗೂ ಕೊಡಬಹುದಾದ ಅಜೆಲೆಯಿಕ್ ಆಮ್ಲ ಗೋಧಿ, ಬಾರ್ಲಿಗಳಲ್ಲಿದೆ. ಟ್ರೆಟಿನಾಯಿನ್, ಅಡಾಪಲೀನ್‌ಗಳು ವಿಟಮಿನ್ ಎ ಬಳಗದವು. ಸತುವಿನಿಂದ ಮೊಡವೆ ತಗ್ಗುತ್ತದೆ ಎಂಬುದನ್ನು 1970ರ ದಶಕದಲ್ಲಿ ಸ್ವೀಡನ್ನಿನ ವೈದ್ಯರು ಕಂಡುಕೊಂಡದ್ದು ಸತುವಿನ ಕೊರತೆಯ ಇನ್ನೊಂದು ಕಾಯಿಲೆಗೆ ಅದನ್ನು ಕೊಡುವಾಗ. ಕೇಳಬೇಕಾದ ಪ್ರಶ್ನೆ ಎಲ್ಲಿಂದ ಬಂತು ಎಂಬುದಲ್ಲ, ಎಷ್ಟು ಪ್ರಮಾಣ, ಯಾರ ಮೇಲೆ ಪರೀಕ್ಷೆಯಾಗಿದೆ, ಕಲೆ ಬಿಡುತ್ತದೆಯೇ ಎಂಬುದು.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ. ಊರೂರಿನ ಮೆಡಿಕಲ್ ಶಾಪುಗಳಲ್ಲಿ "ಮುಖಕ್ಕೆ ಏನಾದರೂ ಕೊಡಿ" ಎಂದರೆ ಸಿಗುವ ಸಣ್ಣ ಟ್ಯೂಬುಗಳಿವೆ. ಅನೇಕವುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಜೊತೆಗೆ ಬಣ್ಣ ತಿಳಿಗೊಳಿಸುವ ಹೈಡ್ರೊಕ್ವಿನೋನ್. ಹಚ್ಚಿದ ಮೂರು ನಾಲ್ಕು ದಿನಕ್ಕೆ ಕೆಂಪು ಇಳಿಯುತ್ತದೆ, ಮುಖ ಬೆಳ್ಳಗಾದಂತೆ ಕಾಣುತ್ತದೆ. ಎಂಟು ವಾರ ಕಾಯಿರಿ ಎನ್ನುವ ವೈದ್ಯನ ಮಾತು ಆ ನಾಲ್ಕು ದಿನದ ಮುಂದೆ ನಿಲ್ಲುವುದಿಲ್ಲ. ಅಕ್ಕ ತಂಗಿಗೆ ಹೇಳುತ್ತಾಳೆ, ಹಾಸ್ಟೆಲಿನ ಒಂದು ಕೋಣೆಯಿಂದ ಇನ್ನೊಂದಕ್ಕೆ ಟ್ಯೂಬು ಹೋಗುತ್ತದೆ. ತಿಂಗಳುಗಳಲ್ಲಿ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಕೆನ್ನೆಯ ಮೇಲೆ ಕೂದಲು ಬೆಳೆಯುತ್ತದೆ, ಒಂದೇ ಗಾತ್ರದ ಗುಳ್ಳೆಗಳು ಗುಂಪಾಗಿ ಏಳುತ್ತವೆ, ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ. ನಿಲ್ಲಿಸಿದರೆ ಎಲ್ಲವೂ ಇಮ್ಮಡಿಯಾಗಿ ಕೆರಳುವುದರಿಂದ ಮತ್ತೆ ಅದನ್ನೇ ಹಚ್ಚುತ್ತಾರೆ. ಈ ಸ್ಥಿತಿಗೆ ಭಾರತದ ಚರ್ಮವೈದ್ಯರು ಪ್ರತ್ಯೇಕ ಹೆಸರಿಟ್ಟು ವರ್ಷಗಳಿಂದ ಹೋರಾಡಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಮಾರಾಟ ನಿಂತಿಲ್ಲ. ಬಿಳುಪಿನ ಕ್ರೀಮುಗಳಲ್ಲಿ ಇನ್ನೊಂದು ಅಪಾಯ ಪಾದರಸ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಬೆಳಕಿಗೆ ಬಂದ ಮೂತ್ರಪಿಂಡ ಕಾಯಿಲೆಯ ಸರಣಿಗೆ ಅಂಥ ಕ್ರೀಮುಗಳೇ ಕಾರಣವೆಂದು ಅಲ್ಲಿನ ವೈದ್ಯರು ವರದಿ ಮಾಡಿದರು.

ಮಕ್ಕಳು ಈ ಟ್ಯೂಬಿಗೆ ಕೈ ಚಾಚುವುದು ಸೊಗಸಿನ ಚಪಲದಿಂದ ಎಂದು ನಾನು ಭಾವಿಸುವುದಿಲ್ಲ. ನಾರ್ವೆಯ ಆಸ್ಲೊ ನಗರದ 18, 19 ವಯಸ್ಸಿನವರ ಸಮೀಕ್ಷೆಯಲ್ಲಿ, ತೀವ್ರ ಮೊಡವೆಯಿದ್ದವರಲ್ಲಿ ಸಾಯುವ ಯೋಚನೆ ಬಂದದ್ದು ಉಳಿದವರಿಗಿಂತ ಹೆಚ್ಚು ಎಂದು ತಿಳಿದುಬಂತು. ಅಂಥ ಯೋಚನೆ ಬಂದವರು ಮುಖಕ್ಕೆ ಏನು ಹಚ್ಚಬೇಕೆಂದು ಕೇಳುವ ಮೊದಲು ಮನೆಯವರಿಗೋ ಅಧ್ಯಾಪಕರಿಗೋ ವೈದ್ಯರಿಗೋ ಅದನ್ನು ಹೇಳಬೇಕು. ಹೆಣ್ಣು ನೋಡಲು ಬಂದವರ ಎದುರು ಕೆನ್ನೆಯ ಲೆಕ್ಕ ಹಾಕುವ ನಮ್ಮ ಸಮಾಜದಲ್ಲಿ ಈ ನೋವು ಕಡಿಮೆಯಿರಲು ಸಾಧ್ಯವೇ? ತಂದೆ ತಾಯಿಗಳು, ನೆಂಟರು ಮಕ್ಕಳ ಮುಖದ ಬಗ್ಗೆ ಸಭೆ ಸಮಾರಂಭಗಳಲ್ಲಿ ಮಾತಾಡುವುದನ್ನು ದಯವಿಟ್ಟು ನಿಲ್ಲಿಸಬೇಕು.

ಸಾಧಾರಣ ಮೊಡವೆಗೆ ಮೃದುವಾದ ತೊಳೆತ, ಶೇಕಡಾ 2.5ರ ಬೆಂಜಾಯಿಲ್ ಪೆರಾಕ್ಸೈಡ್, ಹಗಲು ಸನ್‌ಸ್ಕ್ರೀನ್, ವೈದ್ಯರು ಹೇಳಿದರೆ ರಾತ್ರಿ ಬಟಾಣಿಯಷ್ಟು ಅಡಾಪಲೀನ್ ಸಾಕಾಗುತ್ತದೆ. ಬೆಂಜಾಯಿಲ್ ಪೆರಾಕ್ಸೈಡ್ ಟವೆಲಿನ ಬಣ್ಣ ಕಳೆಯುತ್ತದೆ, ಬಿಳಿಯದನ್ನೇ ಬಳಸಿ. ಗಂಟುಗಳಾಗಿ ಎದ್ದು ಗುಳಿ ಬೀಳಿಸುವ ಮೊಡವೆಗೆ ಯಾವ ಲೇಪವೂ ಸಾಲದು, ತಡಮಾಡದೆ ಚರ್ಮವೈದ್ಯರಲ್ಲಿಗೆ ಹೋಗಬೇಕು. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಐಸೊಟ್ರೆಟಿನಾಯಿನ್ ಮಾತ್ರೆ ಅಂಥವರ ಪಾಲಿಗೆ ದೊಡ್ಡ ವರ. ಆದರೆ ಗರ್ಭದ ಮಗುವಿಗೆ ಅದು ಗಂಭೀರ ಅಂಗವೈಕಲ್ಯ ತರುತ್ತದೆ, ಆದ್ದರಿಂದ ಗರ್ಭ ಧರಿಸಬಹುದಾದ ಯಾರೂ ವೈದ್ಯರ ನಿಗಾ ಇಲ್ಲದೆ ಅದನ್ನು ಮುಟ್ಟಬಾರದು.

ಕೊನೆಯದಾಗಿ ಒಂದು ಕೆಲಸ ಒಪ್ಪಿಸುತ್ತೇನೆ. ಮನೆಗೋ ಹಾಸ್ಟೆಲಿಗೋ ಹೋದ ಕೂಡಲೇ ನೀವು ಮುಖಕ್ಕೆ ಹಚ್ಚುವ ಟ್ಯೂಬಿನ ಹಿಂಬದಿ ಓದಿ. ಬೀಟಾಮೆಥಸೋನ್, ಕ್ಲೋಬೆಟಾಸಾಲ್, ಮೊಮೆಟಸೋನ್, ಫ್ಲೂಸಿನೊಲೋನ್ ಇವುಗಳಲ್ಲಿ ಯಾವ ಹೆಸರು ಕಂಡರೂ ಅದು ಸ್ಟೀರಾಯ್ಡ್. ಈ ನಾಲ್ಕು ಹೆಸರುಗಳನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಿಸಬೇಕೆಂದು ಪ್ರಾಂಶುಪಾಲರಲ್ಲಿ ಕೇಳಿಕೊಂಡಿದ್ದೇನೆ. ಹೊಸದಾಗಿ ಕೊಂಡಿದ್ದರೆ ಹಚ್ಚಬೇಡಿ. ತಿಂಗಳುಗಳಿಂದ ಹಚ್ಚುತ್ತಿದ್ದರೆ ಒಮ್ಮೆಲೇ ಬಿಟ್ಟು ಮುಖ ಕೆರಳಿಸಿಕೊಂಡು ಹೆದರಬೇಡಿ, ಅದನ್ನು ಹಂತಹಂತವಾಗಿ ಬಿಡಿಸುವ ಕ್ರಮವಿದೆ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಬನ್ನಿ. ಬರುವಾಗ ಆ ಟ್ಯೂಬನ್ನೂ ಜೊತೆಗೆ ತನ್ನಿ, ಹೆಸರು ಗೊತ್ತಾದರೆ ನಮ್ಮ ಕೆಲಸ ಬೇಗ ಶುರುವಾಗುತ್ತದೆ.